ಹಳೇ ಡೆಸ್ಕ್‌ಟಾಪ್‌ಗೆ ಯಾವ ಭಾಗಕ್ಕೆ ದುಡ್ಡು ಹಾಕಬೇಕು? ಹಾಕಿ ನೋಡಿದವನ ಹೋಲಿಕೆ

ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ ಅಂದರೆ ಸಾಕು, ಸಲಹೆ ಕೊಡುವವರಿಗೆ ಬರ ಇಲ್ಲ. ಒಬ್ಬರು ರ‍್ಯಾಮ್ ಹೋಗಿದೆ ಅಂತಾರೆ. ಇನ್ನೊಬ್ಬರು ವೈರಸ್ ಅಂತಾರೆ. ಮತ್ತೊಬ್ಬರು, "ಹತ್ತು ವರ್ಷದ ಮಷೀನು, ಎತ್ತಿ ಗುಜರಿಗೆ ಹಾಕಿ" ಅಂತಾರೆ. ತುಮಕೂರಿನಲ್ಲಿ ನಮ್ಮ ಭಾವನ ಫೋಟೋ ಸ್ಟುಡಿಯೋದ ಮಷೀನಿಗೂ ಈ ಮೂರೂ ಸಲಹೆ ಬಂದಿದ್ದವು. ಅದನ್ನೇ ನೆಪ ಮಾಡಿಕೊಂಡು ಒಂದೊಂದು ಜಾಗಕ್ಕೂ ಬೇರೆ ಬೇರೆ ಬಗೆಯ ಭಾಗ ಹಾಕಿ ನೋಡಿದೆವು. ಯಾವುದಕ್ಕೆ ಹಾಕಿದ ದುಡ್ಡು ವಸೂಲಾಯಿತು, ಯಾವುದು ಸುಮ್ನೆ ದಂಡ ಅನ್ನೋದನ್ನು ಬರೆಯುತ್ತಿದ್ದೇನೆ.

ಮಷೀನ್ ಇಂಥದ್ದು: ಇಂಟೆಲ್ ಕೋರ್ ಐ5-4460, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್‌ಡಿಸ್ಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಮಷೀನಿಗೆ ಬೇಕಾದ ಡಿಸಿ ಮಾಡಿಕೊಡುವ ಡಬ್ಬ. ಕೆಲಸ ಮದುವೆ ಆಲ್ಬಂ ಡಿಸೈನ್, ಜೊತೆಗೆ ವಿಡಿಯೋ ಎಡಿಟಿಂಗ್. ದೂರು ಎರಡು. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಅರ್ಧದಲ್ಲಿ ಪಟ್ ಅಂತ ಆಫ್. ಉಳಿದ ಹೊತ್ತಿನಲ್ಲಿ ಆಮೆ ನಡಿಗೆ.

ಎರಡೂ ಒಂದೇ ಕಾಯಿಲೆ ಅಂತ ಭಾವ ಅಂದುಕೊಂಡಿದ್ದರು. ಅಲ್ಲ. ಆಫ್ ಆಗುವುದಕ್ಕೂ ನಿಧಾನ ಆಗುವುದಕ್ಕೂ ಇಲ್ಲಿ ಸಂಬಂಧವೇ ಇರಲಿಲ್ಲ.

ಕಾಯಿಲೆ ಎಲ್ಲಿದೆ ಅಂತ ಹುಡುಕುವ ದಾರಿಗಳು

ಮೊದಲು ಎಲ್ಲರೂ ನೋಡುವುದು ಮಷೀನಿನಲ್ಲಿ ಆದದ್ದನ್ನೆಲ್ಲ ದಾಖಲಿಸಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್. ಅಲ್ಲಿ 'ಕರ್ನಲ್-ಪವರ್ 41' ಅಂತ ಕೆಂಪು ಗುರುತು ಸಾಲಾಗಿ ನಿಂತಿತ್ತು. ಪವರ್ ಅನ್ನುವ ಪದ ಕಂಡ ಕೂಡಲೇ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತೀರ್ಮಾನ ಮಾಡುವವರು ಬಹಳ. ಅದು ಹೇಳುವುದು ಇಷ್ಟೇ: ಮಷೀನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು. ನೀವೇ ಪ್ಲಗ್ ಕಿತ್ತರೂ ಅದೇ ಬರುತ್ತದೆ. ಕಾರಣ ಏನು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ಎರಡನೆಯ ಅನುಮಾನ ಬಿಸಿಯದ್ದು. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಂ ಹಾಕಿ ನೋಡಿದರೆ ಪ್ರೊಸೆಸರ್ 90 ಡಿಗ್ರಿ ದಾಟುತ್ತಿತ್ತು. ಹೀಟ್‌ಸಿಂಕ್ ಬಿಚ್ಚಿದರೆ ಫ್ಯಾನ್ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿ ಪುಡಿ. ಬ್ಲೋವರ್ ಹಿಡಿದು ಊದಿ, ಹೊಸ ಪೇಸ್ಟ್ ಹಾಕಿದ ಮೇಲೆ 70ರ ಆಸುಪಾಸಿಗೆ ಇಳಿಯಿತು. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಸುಮ್ನೆ ಬಿಟ್ಟರೆ ಬ್ಲೋವರ್ ಗಾಳಿಗೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಇಷ್ಟಾದರೂ ಆಫ್ ಆಗುವುದು ನಿಲ್ಲಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ಈ ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಆಫ್ ಆಗುತ್ತವೆ. ಬಿಸಿಯಿಂದ ಆಫ್ ಆಗುವ ಮಷೀನ್ ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ತೆವಳುತ್ತದೆ. ಇದು ತೆವಳದೆ ನೇರವಾಗಿ ಬೀಳುತ್ತಿತ್ತು.

ನಿಜವಾದ ಸುಳಿವು ಸಿಕ್ಕಿದ್ದು ಭಾರ ಹಾಕಿ ನೋಡಿದಾಗ. ಒಸಿಸಿಟಿ ಅನ್ನುವ ಪ್ರೋಗ್ರಾಂನಲ್ಲಿ ಪ್ರೊಸೆಸರ್‌ಗೆ ಮಾತ್ರ ಭಾರ ಕೊಟ್ಟೆವು, ತಡೆದುಕೊಂಡಿತು. ಗ್ರಾಫಿಕ್ಸ್ ಕಾರ್ಡ್‌ಗೆ ಮಾತ್ರ ಕೊಟ್ಟೆವು, ಅದನ್ನೂ ತಡೆದುಕೊಂಡಿತು. ಎರಡಕ್ಕೂ ಒಟ್ಟಿಗೆ ಕೊಟ್ಟ ಕೂಡಲೇ ಆಫ್. ಒಂದೊಂದಾಗಿ ಸರಿ ಇದ್ದು, ಒಟ್ಟಿಗೆ ಬಿದ್ದರೆ ಬೆರಳು ತೋರುವುದು ಇಬ್ಬರಿಗೂ ಊಟ ಹಾಕುವ ಎಸ್‌ಎಂಪಿಎಸ್ ಕಡೆಗೆ.

ಅದನ್ನು ಖಚಿತ ಮಾಡಿಕೊಳ್ಳಲು ನಾಲ್ಕು ದಾರಿ ಇವೆ. ನಾಲ್ಕಕ್ಕೂ ಒಂದೇ ಬೆಲೆ ಇಲ್ಲ. 24 ಪಿನ್ ಕನೆಕ್ಟರ್‌ನ ಹಸಿರು ವೈರ್ ಮತ್ತು ಕಪ್ಪು ವೈರ್ ನಡುವೆ ಪೇಪರ್ ಕ್ಲಿಪ್ ಸಿಕ್ಕಿಸಿದರೆ ಫ್ಯಾನ್ ತಿರುಗುತ್ತದೆ. ಅದರಿಂದ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಪುಟ್ಟ ಡಿಸ್ಪ್ಲೇ ಇರುವ ಎಸ್‌ಎಂಪಿಎಸ್ ಟೆಸ್ಟರ್ ಕೂಡ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಿನ ಭಾರವೇ ಇಲ್ಲದೆ ಅಳೆಯುವುದರಿಂದ ನಮ್ಮ ಕೆಟ್ಟ ಎಸ್‌ಎಂಪಿಎಸ್‌ಗೂ ಅದು ಎಲ್ಲಾ ಸರಿ ಅಂತ ತೋರಿಸಿತು. ಮಲ್ಟಿಮೀಟರ್ ಮಾತ್ರ ಸತ್ಯ ಹೇಳಿತು. ಡಿಸಿ 20 ವೋಲ್ಟ್‌ಗೆ ಇಟ್ಟು, ಖಾಲಿ ಇದ್ದ ನಾಲ್ಕು ಪಿನ್ ಮೋಲೆಕ್ಸ್ ಕನೆಕ್ಟರ್‌ನ ಕಪ್ಪು ವೈರ್‌ಗೆ ಕಪ್ಪು ಕಡ್ಡಿ, ಹಳದಿ ವೈರ್‌ಗೆ ಕೆಂಪು ಕಡ್ಡಿ. ಸುಮ್ಮನೆ ಇದ್ದಾಗ 11.9. ಪ್ರೊಸೆಸರ್ ಭಾರಕ್ಕೆ 11.6. ಕಾರ್ಡ್ ಕೂಡ ಶುರುವಾದಾಗ 11.4, 11.3, ಆಮೇಲೆ ಸೊನ್ನೆ. 12 ವೋಲ್ಟ್ ದಾರಿಯಲ್ಲಿ ಶೇಕಡಾ 5ರಷ್ಟು ಏರುಪೇರಿಗೆ ಮಾತ್ರ ಒಪ್ಪಿಗೆ. ಅಂದರೆ 11.4ಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ.

ನಾಲ್ಕನೆಯದು ಗೆಳೆಯನ ಮಷೀನಿನಿಂದ ಚೆನ್ನಾಗಿರುವ ಎಸ್‌ಎಂಪಿಎಸ್ ಬಿಚ್ಚಿ ತಂದು ಹಾಕಿ ನೋಡುವುದು. ಮಲ್ಟಿಮೀಟರ್ ಇಲ್ಲದವರಿಗೆ ಇದೇ ಒಳ್ಳೆಯ ದಾರಿ. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ 325ರ ಹತ್ತಿರ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಅದು ಉಳಿದಿರಬಹುದು.

ಎಸ್‌ಎಂಪಿಎಸ್: ಸ್ಟಿಕ್ಕರ್ ಮೇಲೆ 500, ಒಳಗೆ 192

ನನ್ನ ಪ್ರಕಾರ ಡೆಸ್ಕ್‌ಟಾಪ್‌ನಲ್ಲಿ ಮೊದಲ ದುಡ್ಡು ಇಲ್ಲಿಗೇ ಹೋಗಬೇಕು. ವಿಚಿತ್ರ ಅಂದರೆ ಜನ ಕೊನೆಗೆ ಉಳಿದ ಚಿಲ್ಲರೆಯಲ್ಲಿ ತರುವುದೂ ಇದನ್ನೇ.

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಎಸ್‌ಎಂಪಿಎಸ್ ಕೇಳಿದರೆ ಮೊದಲು ಕೌಂಟರ್ ಮೇಲೆ ಬರುವುದು ಸಾವಿರ ರೂಪಾಯಿ ಒಳಗಿನ ಡಬ್ಬ. "500 ವ್ಯಾಟ್ ಇದೆ ಸಾರ್, ಆರಾಮಾಗಿ ಹಾಕ್ಕೊಳ್ಳಿ" ಅಂದ ಹುಡುಗ. ನಾನು ಡಬ್ಬ ತಿರುಗಿಸಿ ಪಕ್ಕದ ಲೇಬಲ್ ಓದಿದೆ. 12 ವೋಲ್ಟ್ ಎದುರು 16 ಆಂಪಿಯರ್ ಅಂತ ಇತ್ತು. 12 ಗುಣಿಸು 16, 192 ವ್ಯಾಟ್. ಉಳಿದ ವ್ಯಾಟ್‌ಗಳು 5 ವೋಲ್ಟ್, 3.3 ವೋಲ್ಟ್ ದಾರಿಗಳಲ್ಲಿ ಹಂಚಿಹೋಗಿವೆ. ತುಂಬಾ ಹಿಂದಿನ ಮಷೀನ್‌ಗಳು 5 ವೋಲ್ಟ್‌ನಿಂದ ಜಾಸ್ತಿ ಎಳೆಯುತ್ತಿದ್ದವು, ಆಗ ಅದು ಸರಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ನೆಚ್ಚಿಕೊಂಡಿರುವುದು 12 ವೋಲ್ಟ್ ದಾರಿಯನ್ನೇ. ಭಾವನ ಹಳೇ ಎಸ್‌ಎಂಪಿಎಸ್ ಕೂಡ ಇದೇ ಜಾತಿಯದ್ದು. ಐ5-4460ರ ಲೆಕ್ಕ 84 ವ್ಯಾಟ್, 750 ಟಿಐ 60 ವ್ಯಾಟ್, ಮೇಲೆ ಫ್ಯಾನ್, ಡಿಸ್ಕ್, ಬೋರ್ಡ್. ಹೊಸದಾಗಿದ್ದಾಗ ಹೇಗೋ ತಳ್ಳಿಕೊಂಡು ಹೋಗಿದೆ. ಕೆಪಾಸಿಟರ್‌ಗಳಿಗೆ ವಯಸ್ಸಾದ ಮೇಲೆ ಆಗಿಲ್ಲ.

ಹೋಲಿಕೆಗೆ ಮೂರು ಹಾಕಿ ನೋಡಿದೆ. ಒಂದು ಇದೇ ಅಗ್ಗದ ಜಾತಿಯ ಹೊಚ್ಚಹೊಸ ಡಬ್ಬ. ಎರಡನೆಯದು 450 ವ್ಯಾಟ್, 80 ಪ್ಲಸ್ ಬ್ರಾಂಜ್. ಮೂರನೆಯದು ನನ್ನ ಮಷೀನಿನಲ್ಲಿದ್ದ 650 ವ್ಯಾಟ್‌ನದ್ದು.

ಅಗ್ಗದ್ದು ಕೆಲಸ ಮಾಡಿತು ಅನ್ನೋದನ್ನು ಒಪ್ಪಿಕೊಳ್ಳಬೇಕು. ಭಾರದಲ್ಲಿ 11.6ರ ಹತ್ತಿರ ನಿಂತಿತು, ಆಫ್ ಆಗಲಿಲ್ಲ. ಆದರೆ ಹಿಂದೆ ಕೈಯಿಟ್ಟರೆ ಬಿಸಿಗಾಳಿ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಷ್ಟು ಹಗುರ. ವೈರ್ ಮೇಲೆ 22 ಎಡಬ್ಲ್ಯೂಜಿ ಅಂತ ಅಚ್ಚಾಗಿತ್ತು. ಬ್ರಾಂಜ್‌ನಲ್ಲಿ 18 ಎಡಬ್ಲ್ಯೂಜಿ. ಈ ಲೆಕ್ಕದಲ್ಲಿ ಸಂಖ್ಯೆ ಕಡಿಮೆ ಆದಷ್ಟೂ ವೈರ್ ದಪ್ಪ. 750 ಟಿಐಗೆ ಬೇರೆ ಪವರ್ ಕೇಬಲ್ ಇಲ್ಲ, ಸ್ಲಾಟ್‌ನಿಂದಲೇ ಎಳೆಯುತ್ತದೆ. ಸ್ಲಾಟ್‌ಗೆ ಅದು ಬರುವುದು 24 ಪಿನ್ ಕನೆಕ್ಟರ್‌ನ ಹಳದಿ ವೈರ್‌ಗಳ ಮೂಲಕ. ಅಲ್ಲಿ ಸಣ್ಣ ವೈರ್ ಇದ್ದರೆ ಕನೆಕ್ಟರ್ ಬಿಸಿಯಾಗುತ್ತದೆ. ನಮ್ಮ ಹಳೆಯದರಲ್ಲಿ ಆ ಜಾಗದ ಪ್ಲಾಸ್ಟಿಕ್ ತುಸು ಕಂದು ಬಣ್ಣಕ್ಕೆ ತಿರುಗಿತ್ತು.

450 ವ್ಯಾಟ್ ಬ್ರಾಂಜ್ ಹಾಕಿದಾಗ ಮೀಟರ್ 12.1ರಿಂದ 12.0ಗೆ ಇಳಿದು ಅಲ್ಲೇ ಕೂತಿತು. ಫ್ಯಾನ್ ತಿರುಗುತ್ತಿದೆಯಾ ಅಂತ ಬಗ್ಗಿ ನೋಡಬೇಕು, ಅಷ್ಟು ಮೌನ. ಇದರ ಲೇಬಲ್‌ನಲ್ಲಿ 12 ವೋಲ್ಟ್ ಎದುರು 36 ಆಂಪಿಯರ್, ಅಂದರೆ 432 ವ್ಯಾಟ್. ಹೆಸರಿನ 450ರಲ್ಲಿ ಬಹುಪಾಲು ಬೇಕಾದ ಕಡೆಗೇ ಇದೆ. ಬೆಲೆ ಮೂರು ಪಟ್ಟು ಜಾಸ್ತಿ. ಆದರೂ ಇದನ್ನೇ ಉಳಿಸಿಕೊಂಡೆವು.

650 ವ್ಯಾಟ್‌ನದ್ದು ಹಾಕಿದಾಗ ಭಾವ, "ಕರೆಂಟ್ ಬಿಲ್ ಜಾಸ್ತಿ ಬರಲ್ವೇನಪ್ಪಾ?" ಅಂದರು. ಬರಲ್ಲ. ಎಸ್‌ಎಂಪಿಎಸ್ ಕೊಡುವುದು ಮಷೀನ್ ಕೇಳಿದಷ್ಟನ್ನೇ. 650 ಅನ್ನೋದು ಮೇಲ್ಮಿತಿ. ಆದರೆ ಈ ಮಷೀನಿಗೆ ಅದರಿಂದ ಲಾಭವೂ ಇಲ್ಲ, 450ರ ಜೊತೆ ಇಟ್ಟು ನೋಡಿದರೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಇದ್ದರೆ ಮಾತ್ರ ತಗೊಳ್ಳಿ.

ಒಂದು ಎಚ್ಚರಿಕೆ. 80 ಪ್ಲಸ್ ಅನ್ನೋದು ದಕ್ಷತೆಯ ಗುರುತು ಅಷ್ಟೇ. ಗೋಡೆಯಿಂದ ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ಮಷೀನಿಗೆ ಹೋಗುತ್ತದೆ, ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಅಂತ ಹೇಳುತ್ತದೆ. ಬಾಳಿಕೆಗೆ ಅದು ಗ್ಯಾರಂಟಿ ಅಲ್ಲ. ಅದಕ್ಕೆ ವಾರಂಟಿ ಎಷ್ಟು ವರ್ಷ ಅಂತ ನೋಡಿ. ಐದು ವರ್ಷ ಕೊಡುವವನಿಗೂ ಒಂದು ವರ್ಷ ಕೊಡುವವನಿಗೂ ತನ್ನ ಮಾಲಿನ ಮೇಲಿನ ನಂಬಿಕೆ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಇನ್ನೊಂದು ತಕರಾರು ಬಂತು. ಕರೆಂಟ್ ಹೋದರೆ ಯುಪಿಎಸ್ ಇದ್ದರೂ ಮಷೀನ್ ರೀಸ್ಟಾರ್ಟ್. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟ್ ಎಳೆಯುವ ರೀತಿಯನ್ನು ತಿದ್ದುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೂ ಚೌಕಾಕಾರದ ಅಲೆ ಕೊಡುವ ಸಾದಾ ಯುಪಿಎಸ್‌ಗೂ ಆಗಿಬರುವುದಿಲ್ಲ, ಸೈನ್ ವೇವ್ ಯುಪಿಎಸ್ಸೇ ಬೇಕು ಅಂತ ಅಂಗಡಿಯವರು ಹೇಳಿದರು. ಕೆಲವು ಜೋಡಿಗಳಲ್ಲಿ ಅದು ನಿಜವೂ ಹೌದು. ದೊಡ್ಡ ಖರ್ಚಿಗೆ ಮುಂಚೆ 600 ವಿಎ ಯುಪಿಎಸ್‌ನ ಒಳಗಿದ್ದ 12 ವೋಲ್ಟ್ 7 ಎಎಚ್ ಬ್ಯಾಟರಿ ಬದಲಿಸಿ ನೋಡಿದೆವು. ಅಷ್ಟಕ್ಕೇ ಸರಿಹೋಯಿತು. ಆ ಬ್ಯಾಟರಿಗಳ ಆಯಸ್ಸೇ ಎರಡು ಮೂರು ವರ್ಷ.

ಇದರ ಪಕ್ಕದಲ್ಲೇ ಹೇಳಬೇಕಾದ್ದು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಹೊಸ ಎಸ್‌ಎಂಪಿಎಸ್ ಹಾಕಿದರೂ ಜುಮ್. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಪುಟ್ಟ ಕೆಪಾಸಿಟರ್ ಇರುತ್ತವೆ, ಕರೆಂಟ್‌ನಲ್ಲಿನ ಗದ್ದಲ (ನಾಯ್ಸ್) ತಡೆಯಲು. ಅರ್ತ್ ಸರಿ ಇದ್ದರೆ ಅಲ್ಲಿಗೆ ಬಂದ ಚೂರುಪಾರು ಕರೆಂಟ್ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಆ ಕೆಪಾಸಿಟರ್‌ಗಳ ಮೂಲಕ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಆಗುವಷ್ಟು ಕರೆಂಟ್ ಹರಿಯುವುದಿಲ್ಲ. ಆದರೆ ಪೆನ್‌ಡ್ರೈವ್ ಹಾಕುವಾಗ, ಕ್ಯಾಮೆರಾ ಕೇಬಲ್ ಜೋಡಿಸುವಾಗ ಪೋರ್ಟ್‌ಗಳಿಗೆ ಒಳ್ಳೆಯದಲ್ಲ. ಸಾಕೆಟ್‌ನಲ್ಲಿ ಮೂರನೇ ರಂಧ್ರ ಇತ್ತು, ಅದರ ಹಿಂದೆ ವೈರೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಬಂದು ಅರ್ತ್ ಎಳೆದ ಮೇಲೆ ಜುಮ್ ನಿಂತಿತು.

ಡಿಸ್ಕ್: ದುಬಾರಿಯದ್ದು ಸೋತ ಕಡೆ

ಆಫ್ ಆಗುವ ಕಾಟ ಮುಗಿಯಿತು. ನಿಧಾನ ಹಾಗೇ ಇತ್ತು. ಕಾರಣ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120 ಸುತ್ತು. ಬೇಕಾದ ಜಾಗಕ್ಕೆ ಮುಳ್ಳು ಹೋಗಿ, ತಟ್ಟೆ ತಿರುಗಿ ಬರುವಷ್ಟರಲ್ಲಿ ಹತ್ತು ಹನ್ನೆರಡು ಮಿಲಿಸೆಕೆಂಡ್ ಕಳೆಯುತ್ತದೆ. ಹೀಗಾಗಿ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಫೈಲ್‌ಗಳನ್ನು ಸೆಕೆಂಡಿಗೆ ನೂರರಷ್ಟು ಸಲ ಓದುವುದೂ ಕಷ್ಟ. ತಿರುಗುವ ತಟ್ಟೆಯೇ ಇಲ್ಲದೆ ಚಿಪ್‌ನಲ್ಲಿ ಉಳಿಸಿಡುವ ಎಸ್‌ಎಸ್‌ಡಿ ಅದೇ ಕೆಲಸವನ್ನು ಹತ್ತಾರು ಸಾವಿರ ಸಲ ಮಾಡುತ್ತದೆ. ವಿಂಡೋಸ್ ಶುರುವಾಗುವಾಗ ಆಗುವುದೆಲ್ಲ ಇಂಥ ಚಿಲ್ಲರೆ ಓದೇ.

ಎಸ್‌ಎಸ್‌ಡಿ ಹಾಕುವುದು ಖಾತ್ರಿಯಾಯಿತು. ಹಾರ್ಡ್‌ಡಿಸ್ಕ್‌ನ ಹಾಗೆ ಕೇಬಲ್‌ನಲ್ಲಿ ಜೋಡಿಸುವ ಸಾಟಾದ್ದೋ, ಬೋರ್ಡ್‌ನ ಪಿಸಿಐಇ ದಾರಿಗೆ ನೇರ ಕೂರುವ ಎನ್‌ವಿಎಂಇಯದ್ದೋ ಅನ್ನೋದು ಪ್ರಶ್ನೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ ನಿಲ್ಲುತ್ತದೆ. ಮೂರನೇ ತಲೆಮಾರಿನ (ಜೆನ್3) ಎನ್‌ವಿಎಂಇ 3500ರವರೆಗೆ ಹೋಗುತ್ತದೆ. ಬೆಲೆಯಲ್ಲಿ ಅಂಥ ಅಂತರ ಇಲ್ಲ. ಕಾಗದದ ಮೇಲೆ ನೋಡಿದರೆ ಯೋಚನೆಯೇ ಬೇಡ ಅನಿಸುತ್ತದೆ.

ಆದರೆ ಎಚ್81 ಬೋರ್ಡ್‌ನಲ್ಲಿ ಎನ್‌ವಿಎಂಇ ಕೂರುವ ಎಂ.2 ಸ್ಲಾಟ್ ಇರಲಿಲ್ಲ. ಅಡಾಪ್ಟರ್ ಕಾರ್ಡ್‌ನಲ್ಲಿ ಹಾಕಬೇಕು. ದೊಡ್ಡ ಸ್ಲಾಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂತಿದೆ. ಉಳಿದದ್ದು ಗಿಡ್ಡ ಎಕ್ಸ್1 ಸ್ಲಾಟ್. ಅದು ಪಿಸಿಐಇ 2.0, ಒಂದೇ ಲೇನ್, ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ. ನಾನು ಹಾಕಿ ಅಳೆದಾಗ 400ರ ಆಸುಪಾಸು ಬಂತು. ಸಾಟಾಗಿಂತ ಕಡಿಮೆ! ಮೇಲಾಗಿ ಆ ಬೋರ್ಡ್‌ನ ಬಯಾಸ್‌ಗೆ (ಮಷೀನ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಎನ್‌ವಿಎಂಇಯಿಂದ ಬೂಟ್ ಮಾಡಲು ಬರುವುದಿಲ್ಲ. ವಿಂಡೋಸ್ ಒಳಗೆ ಡ್ರೈವ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಬಯಾಸ್ ತಿದ್ದಿ ಹಾಕುವವರಿದ್ದಾರೆ. ಸ್ಟುಡಿಯೋದ ಅನ್ನದ ಮಷೀನಿನಲ್ಲಿ ಆ ಸಾಹಸ ಬೇಡ ಅಂದೆ.

ಸಾಟಾ ಎಸ್‌ಎಸ್‌ಡಿ ಗೆದ್ದಿತು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಎಚ್81ನಲ್ಲಿ ಎರಡು ಸಾಟಾ ಪೋರ್ಟ್ 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಹಳೇ ಹಾರ್ಡ್‌ಡಿಸ್ಕ್ ಇದ್ದ ಪೋರ್ಟ್‌ಗೇ ಎಸ್‌ಎಸ್‌ಡಿ ಸಿಕ್ಕಿಸಿದಾಗ 270 ದಾಟಲಿಲ್ಲ. ಪಕ್ಕದ ಪೋರ್ಟ್‌ಗೆ ಬದಲಿಸಿದ ಕೂಡಲೇ 530. ಬೋರ್ಡ್ ಮೇಲೆ ಪೋರ್ಟ್ ಪಕ್ಕ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಟಾರ್ಚ್ ಹಿಡಿದು ಓದಿ.

ಬೂಟ್ ಆಗಿ ಫೋಟೋಶಾಪ್ ತೆರೆಯುವಷ್ಟರಲ್ಲಿ ಭಾವ ಮೊದಲು ಕಾಫಿ ಕುಡಿದು ಬರುತ್ತಿದ್ದರು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಿದ್ಧ. ಹಳೇ ಹಾರ್ಡ್‌ಡಿಸ್ಕ್ ಫೋಟೋ ತುಂಬಲು ಅಲ್ಲೇ ಉಳಿಯಿತು. ಅದಕ್ಕೂ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಆರೋಗ್ಯ ನೋಡಿದೆವು. 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ ಇದ್ದರೆ ಸಮಾಧಾನ. ಅವು ಏರುತ್ತಾ ಹೋದರೆ ತಟ್ಟೆಯ ಮೇಲೆ ಜಾಗ ಕೆಡುತ್ತಿದೆ ಅಂತ, ಬೇಗ ಬ್ಯಾಕಪ್ ತೆಗೀರಿ. ಸಿ7 ಏರುತ್ತಿದ್ದರೆ ಹೆದರಬೇಡಿ, ಬಹುತೇಕ ಸಾಟಾ ಕೇಬಲ್ ತಕರಾರು. ಕೇಬಲ್ ಬದಲಿಸಿದರೆ ಮುಗಿಯಿತು.

ರ‍್ಯಾಮ್

ಇದರಲ್ಲಿ ಹೇಳುವುದು ಕಡಿಮೆ. 8 ಜಿಬಿಯನ್ನು 16 ಮಾಡಿದೆವು, ಎಚ್81ಗೆ ಅದೇ ಗರಿಷ್ಠ. ಒಂದೇ ಸ್ಟಿಕ್ ಬದಲು ಎರಡು ಹಾಕಿದರೆ ಡ್ಯುಯಲ್ ಚಾನೆಲ್ ಆಗಿ ದಾರಿ ಎರಡು ಪಟ್ಟು ಅಗಲ ಆಗುತ್ತದೆ, ನಿಜ. ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಈ ಮಷೀನಿನಲ್ಲಿ ಆ ಅಗಲ ಕಣ್ಣಿಗೆ ಕಾಣಲಿಲ್ಲ. ಲಾಭ ಆದದ್ದು ಜಿಬಿ ಜಾಸ್ತಿ ಆದದ್ದರಿಂದ. ಹೊಸ ಡಿಡಿಆರ್3 ಹೆಸರಿನಲ್ಲಿ ಬರುವ ಅನಾಮಧೇಯ ಸ್ಟಿಕ್‌ಗಿಂತ ಒಳ್ಳೆಯ ಕಂಪನಿಯ ಹಳೇ ಸ್ಟಿಕ್ ನನಗೆ ವಾಸಿ ಅನಿಸಿತು. ಎರಡನ್ನೂ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ನಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಅನಾಮಧೇಯದ್ದರಲ್ಲಿ ಕೆಂಪು ಸಾಲು ಬಂದವು. ರ‍್ಯಾಮ್ ವಿಷಯದಲ್ಲಿ ಒಂದೇ ಒಂದು ತಪ್ಪು ಬಂದರೂ ಆ ಸ್ಟಿಕ್ ಬೇಡ.

ಬೀಪ್ ಬೀಪ್ ಅಂತ ಕೂಗಿ ಸ್ಕ್ರೀನ್ ಬರದಿದ್ದರೆ ಸ್ಟಿಕ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಊದಿ ಮತ್ತೆ ಹಾಕಿ. ನಮ್ಮೂರಿನ ಎಲ್ಲಾ ರಿಪೇರಿ ಅಂಗಡಿಗಳ ಮೊದಲ ಮದ್ದು ಇದೇ. ಎಷ್ಟೋ ಸಲ ಕೊನೆಯದ್ದೂ ಹೌದು.

ಬೋರ್ಡನ್ನೇ ಬದಲಿಸುವ ಪ್ರಸಂಗ

ಇಷ್ಟು ಮಾಡಿದ ಮೇಲೆ ಆಲ್ಬಂ ಕೆಲಸಕ್ಕೆ ಆ ಮಷೀನ್ ಸಾಕಾಗಿತ್ತು. ಕೈಕೊಟ್ಟಿದ್ದು ಹೊಸ ಕ್ಯಾಮೆರಾ ಬಂದ ಮೇಲೆ. ಅದರ 4ಕೆ, 10 ಬಿಟ್, ಎಚ್.265 (ವಿಡಿಯೋ ಕುಗ್ಗಿಸಿಡುವ ಒಂದು ಬಗೆ) ಕ್ಲಿಪ್ ಟೈಮ್‌ಲೈನ್‌ಗೆ ಹಾಕಿದರೆ ಚಿತ್ರ ನಿಂತೇಬಿಡುತ್ತಿತ್ತು. ಐ5-4460ಯ ಒಳಗಿನ ಗ್ರಾಫಿಕ್ಸ್‌ಗೂ 750 ಟಿಐಗೂ ಎಚ್.265 ಬಿಡಿಸುವ ಹಾರ್ಡ್‌ವೇರ್ ಇಲ್ಲ. ಇದಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಎಷ್ಟು ಹಾಕಿದರೂ ಮದ್ದಲ್ಲ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ 8ನೇ ತಲೆಮಾರಿನಿಂದ ಮೇಲೆ. ಇದು 4ನೆಯದು.

ಕಡಿಮೆ ಬಜೆಟ್‌ನಲ್ಲಿ ಕಣ್ಣಿಗೆ ಬಿದ್ದದ್ದು ಎರಡು. ಎಎಂಡಿಯ ರೈಜನ್ 5 5600ಜಿ, ಇಂಟೆಲ್‌ನ ಕೋರ್ ಐ3-12100. ಮೊದಲನೆಯದು 2021ರದ್ದು, ಆರು ಕೋರ್. ಎರಡನೆಯದು 2022ರದ್ದು, ನಾಲ್ಕು ಕೋರ್. ಅಕ್ಕನ ಮಗನಿಗೂ ಒಂದು ಮಷೀನ್ ಬೇಕಿತ್ತು, ಹಾಗಾಗಿ ಎರಡೂ ಬಂದವು. ಯಾವುದು ಯಾರಿಗೆ ಅಂತ ತೀರ್ಮಾನ ಆಗುವ ಮೊದಲು ಎರಡನ್ನೂ ಸ್ಟುಡಿಯೋದ ಒಂದೇ ಟೇಬಲ್ ಮೇಲಿಟ್ಟು ಒಂದೇ ಕೆಲಸ ಕೊಟ್ಟೆವು.

ಆಲ್ಬಂ ಡಿಸೈನ್‌ನಲ್ಲಿ 12100 ಚುರುಕು. ಬ್ರಷ್ ಎಳೆಯುವುದು, ಲೇಯರ್ ಆನ್ ಆಫ್ ಮಾಡುವುದು ಇಂಥದ್ದಕ್ಕೆಲ್ಲ ಒಂದು ಕೋರ್‌ನ ವೇಗವೇ ಮುಖ್ಯ, ಅದರಲ್ಲಿ ಇದು ಮುಂದೆ. ಕೋರ್ ಎರಡು ಕಡಿಮೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾರ್ಡ್‌ವೇರ್ ಸಹಾಯ ಇಲ್ಲದೆ ಬರೀ ಪ್ರೊಸೆಸರ್‌ನಲ್ಲೇ ವಿಡಿಯೋ ಎಕ್ಸ್‌ಪೋರ್ಟ್ ಮಾಡಿಸಿದಾಗ 5600ಜಿ ಗೆದ್ದಿತು, ಆರು ಕೋರ್‌ನ ಮಹಿಮೆ.

ಆಟ ಮುಗಿಸಿದ್ದು ಕ್ಯಾಮೆರಾದ ಕ್ಲಿಪ್. ಮದುವೆ ವಿಡಿಯೋದವರು ಈಗ ಬಣ್ಣ ತಿದ್ದಲು ಅನುಕೂಲ ಅಂತ ಬಣ್ಣದ ವಿವರ ಹೆಚ್ಚು ಉಳಿಸುವ 4:2:2ನಲ್ಲಿ ಶೂಟ್ ಮಾಡುತ್ತಾರೆ. ಎಚ್.265ರ ಆ ಬಗೆಯನ್ನು 12100ರ ಒಳಗಿರುವ ಯುಎಚ್‌ಡಿ 730 ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. 5600ಜಿಯ ವೇಗಾ ಗ್ರಾಫಿಕ್ಸ್‌ಗೆ ಅದು ಬರುವುದಿಲ್ಲ, ಎಲ್ಲಾ ಭಾರ ಪ್ರೊಸೆಸರ್ ಮೇಲೆ. ಒಂದರಲ್ಲಿ ಟೈಮ್‌ಲೈನ್ ಸರಾಗ, ಇನ್ನೊಂದರಲ್ಲಿ ತಡವರಿಕೆ. ಅದೇ ಕ್ಯಾಮೆರಾದಲ್ಲಿ ಎಚ್.264, 10 ಬಿಟ್ 4:2:2 ಇಟ್ಟು ಶೂಟ್ ಮಾಡಿದರೆ 12100ಗೂ ಈ ಅನುಕೂಲ ಸಿಗುವುದಿಲ್ಲ. ಹಾಗಾಗಿ ಪ್ರೊಸೆಸರ್ ಕೊಳ್ಳುವ ಮುಂಚೆ ಕ್ಯಾಮೆರಾ ಮೆನು ತೆಗೆದು ನೋಡಿ.

ಅಂಗಡಿಯಲ್ಲಿ ಇಲ್ಲೊಂದು ಗುಂಡಿ ಇದೆ. 12100 ಕೇಳಿದರೆ 12100ಎಫ್ ಕೊಡುತ್ತಾರೆ. ಸ್ವಲ್ಪ ಅಗ್ಗ, ಪ್ರೊಸೆಸರ್ ಅದೇ. ಆದರೆ ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದಿದ್ದರೆ ಸ್ಕ್ರೀನೇ ಬರುವುದಿಲ್ಲ. ಕಾರ್ಡ್ ಇದ್ದರೂ ಬಹುತೇಕ ಕಾರ್ಡ್‌ಗಳಲ್ಲಿ ನಾವು ಯಾವುದಕ್ಕಾಗಿ ಇದನ್ನು ತಗೊಂಡೆವೋ ಆ 4:2:2 ಅನುಕೂಲ ಹೋಗುತ್ತದೆ. "ಎಫ್ ಬೇಡ, ಗ್ರಾಫಿಕ್ಸ್ ಇರೋದೇ ಬೇಕು" ಅಂತ ಒತ್ತಿ ಹೇಳಿ.

ಗೇಮ್‌ನಲ್ಲಿ ಕಥೆ ತಿರುಗಿತು. ಬೇರೆ ಕಾರ್ಡ್ ಹಾಕದೆ ಆಡಿದಾಗ 5600ಜಿಯ ವೇಗಾ ಎದುರು ಯುಎಚ್‌ಡಿ 730 ಏನೇನೂ ಅಲ್ಲ. ರ‍್ಯಾಮ್ ಎರಡು ಸ್ಟಿಕ್ ಹಾಕುವ ಮಾತು ಇಲ್ಲಿ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಪಡೆಯಬೇಕು. ಡಿಡಿಆರ್4-3200 ಒಂದು ಸ್ಟಿಕ್‌ನಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡರಲ್ಲಿ 51.2. ಒಂದು ತೆಗೆದು ಆಡಿಸಿದಾಗ ಹುಡುಗ ತಕ್ಷಣ, "ಮಾಮ, ಏನೋ ಆಯ್ತು, ಸ್ಟಕ್ ಆಗ್ತಿದೆ" ಅಂದ. ನಾನು ಸ್ಟಿಕ್ ತೆಗೆದದ್ದು ಅವನಿಗೆ ಗೊತ್ತಿರಲಿಲ್ಲ. ಬಯಾಸ್‌ನಲ್ಲಿ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ 3200 ಅಂತ ಕೊಂಡದ್ದು ಎಷ್ಟೋ ಸಲ 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ.

ಹೀಗೆ 12100 ಸ್ಟುಡಿಯೋಗೆ, 5600ಜಿ ಹುಡುಗನಿಗೆ ಅಂತಾಯಿತು. ಮುಂದೆ ಬೆಳೆಸುವ ದೃಷ್ಟಿಯಿಂದ ನೋಡಿದರೆ 12100 ಕೂರುವ ಇಂಟೆಲ್‌ನ ಎಚ್610 ಬೋರ್ಡ್‌ಗೆ ಬಯಾಸ್ ಅಪ್‌ಡೇಟ್ ಮಾಡಿದರೆ 14ನೇ ತಲೆಮಾರಿನ ಐ5 ಕೂಡ ಕೂರುತ್ತದೆ. 5600ಜಿ ಕೂರುವ ಎಎಂಡಿಯ ಎಎಂ4 ಸಾಕೆಟ್‌ನಲ್ಲಿ 5000 ಸರಣಿಗೇ ದಾರಿ ಮುಗಿಯುತ್ತದೆ. ಮುಂದಿನ ಎಎಂ5 ಸಾಕೆಟ್‌ಗೆ ಡಿಡಿಆರ್5 ಬಿಟ್ಟು ಬೇರೆ ಆಗದು. 2025ರ ಕೊನೆಯಿಂದ ರ‍್ಯಾಮ್ ದರ ಹುಚ್ಚಾಪಟ್ಟೆ ಏರಿರುವಾಗ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಡಿಡಿಆರ್4 ಸ್ಟಿಕ್ ಇದ್ದರೆ ಅದನ್ನು ಉಪಯೋಗಿಸುವ ಬೋರ್ಡೇ ತಗೊಳ್ಳಿ.

ಎಎಂ4 ಬಿಚ್ಚುವವರಿಗೆ ಒಂದು ಕಿವಿಮಾತು. ಇದರಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ಹೀಟ್‌ಸಿಂಕ್ ಅನ್ನು ನೇರ ಮೇಲಕ್ಕೆ ಎಳೆದರೆ ಒಣ ಪೇಸ್ಟ್‌ಗೆ ಅಂಟಿಕೊಂಡು, ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಮಷೀನನ್ನು ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಪೇಸ್ಟ್ ಬೆಚ್ಚಗಿರುವಾಗಲೇ ಹೀಟ್‌ಸಿಂಕ್ ಅನ್ನು ಎಡಕ್ಕೂ ಬಲಕ್ಕೂ ತಿರುವಿ ಬಿಡಿಸಿ. ಇಂಟೆಲ್‌ನಲ್ಲಿ ಪಿನ್ ಬೋರ್ಡ್‌ನಲ್ಲಿರುತ್ತವೆ. ಅಲ್ಲಿ ಭಯ ಬೇರೆ, ಸಾಕೆಟ್ ಒಳಗೆ ಬೆರಳು ತಾಗಿಸಬಾರದು.

ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ

ಪ್ರೊಸೆಸರ್ ಧೈರ್ಯವಾಗಿ ತಗೊಳ್ಳಿ, ಅದು ಕೆಡುವುದು ಅಪರೂಪ. ರ‍್ಯಾಮ್ ಮೆಮ್‌ಟೆಸ್ಟ್ ಮಾಡಿ ತಗೊಳ್ಳಿ. ಡಿಸ್ಕ್ ಆದರೆ ಅಂಗಡಿಯಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ, ಎಷ್ಟು ಗಂಟೆ ಓಡಿದೆ ಅಂತ ನೋಡಿ. ಎಸ್‌ಎಂಪಿಎಸ್ ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ.

ಗ್ರಾಫಿಕ್ಸ್ ಕಾರ್ಡ್‌ಗೆ ಅಲ್ಲೇ ಹತ್ತು ನಿಮಿಷ ಭಾರ ಕೊಟ್ಟು ನೋಡದೆ ದುಡ್ಡು ಕೊಡಬೇಡಿ. ಸಾದಾ ಸ್ಕ್ರೀನಿಗೆ ಅಂತ ಜಿಟಿ 1030 ಹುಡುಕುತ್ತಿದ್ದರೆ ಹೆಸರು ನೋಡಿ ಸುಮ್ಮನಾಗಬೇಡಿ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ. 2017ರ ಜಿಡಿಡಿಆರ್5 ಮಾದರಿಯ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, 2018ರ ಡಿಡಿಆರ್4 ಮಾದರಿಯದ್ದು ಬರೀ 16.8. ಡಬ್ಬದ ಮೇಲೆ ಜಿ, ಡಿ, ಡಿ, ಆರ್, 5 ಅಷ್ಟೂ ಅಕ್ಷರ ಇವೆಯಾ ಅಂತ ಓದಿ. ಡಬ್ಬ ಇಲ್ಲದಿದ್ದರೆ ಕಾರ್ಡ್ ಹಾಕಿಸಿ, ಜಿಪಿಯು-ಝಡ್ ತೆರೆದು ಮೆಮೊರಿ ಟೈಪ್ ಅನ್ನುವ ಸಾಲು ನೋಡಿ, ಆಮೇಲೆ ಬೆಲೆ ಮಾತಾಡಿ.